ದೇವರನ್ನು ವಿಚಾರಿಸುತ್ತಿದ್ದ ಮನೆ

ನಮ್ಮ ಮನೆಗೆ ದೇವರು ಬಂದರೆ ಅವ್ವ ಮೊದಲು ಹೆಸರು ಕೇಳುತ್ತಿದ್ದಳು. ಅವ್ವ ಎಂದರೆ ಅಪ್ಪನ ತಾಯಿ. ಆಂಧ್ರದ ಗಡಿಗೆ ಹತ್ತಿರದ ನಮ್ಮ ಕಡೆ ಅಜ್ಜಿಯನ್ನು ಹಾಗೇ ಕರೆಯುವುದು. ಹೆಸರು ಮುನಿವೆಂಕಟಮ್ಮ. ಬೂದಿಕೋಟೆ ಹತ್ತಿರದ ಹಳ್ಳಿಯಿಂದ, ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಸಿಕ್ಕಿದ ಗಂಡನ ಹಿಂದೆ ಚಾಂಪಿಯನ್ ರೀಫ್ಸ್‌ಗೆ ಬಂದವಳು, ಬರುವಾಗ ಹಿತ್ತಾಳೆ ಬಿಂದಿಗೆಯ ಜೊತೆ ಈ ವಿದ್ಯೆಯನ್ನೂ ತಂದಿದ್ದಳು. ಗಣಿ ಕಾರ್ಮಿಕರ ಲೈನುಮನೆಗಳಲ್ಲಿ ಯಾರ ಮೈಮೇಲಾದರೂ ದೇವರು ಬಂದರೆ, ಬಂದದ್ದು ನಿಜವೋ ಸುಳ್ಳೋ ಎಂದು ತೀರ್ಮಾನಿಸಲು ಒಬ್ಬರು ಕೇಳುವವರು ಬೇಕು. ಮೈದುಂಬಿದವರು ಎಷ್ಟು ಬೇಕಾದರೂ ಸಿಗುತ್ತಾರೆ, ಕೇಳುವವರು ಅಪರೂಪ. ದೇವರ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣಲ್ಲಿ ಕಣ್ಣಿಟ್ಟು ಪ್ರಶ್ನೆ ಹಾಕುವುದಕ್ಕೆ ಭಕ್ತಿ ಇದ್ದರೆ ಸಾಲದು, ಸ್ವಲ್ಪ ಜಗಳಗಂಟ ಬುದ್ಧಿಯೂ ಬೇಕು. ಅದು ಅವ್ವನಲ್ಲಿ ಧಾರಾಳವಾಗಿತ್ತು. ನನ್ನನ್ನು ನಾಸ್ತಿಕಳು, ಓದಿ ಕೆಟ್ಟವಳು ಎಂದು ದೂರುವ ನೆಂಟರಿಗೆ ನಾನು ಹೇಳುವುದಿಷ್ಟೆ: ಓದಿ ಕೆಡುವುದಕ್ಕೆ ಮೊದಲೇ ನಾನು ಆ ಜಗಲಿಯಲ್ಲಿ ಕೂತು ಕೆಟ್ಟಿದ್ದೆ.

ಅವಳ ಪ್ರಶ್ನೆಗಳು ಮೂರೇ. ನೀನು ಯಾರು, ಯಾಕೆ ಬಂದೆ, ಯಾವಾಗ ಹೋಗುತ್ತೀಯ. ಮೂರಕ್ಕೂ ನೆಟ್ಟಗೆ ಉತ್ತರ ಬಂದರೆ ಮೊರದಲ್ಲಿಟ್ಟ ಅಕ್ಕಿ, ವೀಳ್ಯದೆಲೆ, ಅರಿಶಿನದ ಕೊಂಬಿನಿಂದ ಮಡಿಲು ತುಂಬಿ, ಕರ್ಪೂರ ಹಚ್ಚಿ ಮರ್ಯಾದೆಯಿಂದ ಕಳಿಸುವುದು. ಬಾರದಿದ್ದರೆ ಮೊರ ಅಡುಗೆಮನೆಗೆ ವಾಪಸ್ಸು. ಮೂರನೆಯ ಪ್ರಶ್ನೆಯ ಮೇಲೆ ಅವಳಿಗೆ ಎಲ್ಲಿಲ್ಲದ ನಂಬಿಕೆ.

"ಬಂದ ನೆಂಟ್ರು ಓಗಬೇಕು. ಓಗ್ದೆ ಇರೋರ್ನ ನೆಂಟ್ರು ಅಂತಾನೇ ಅನ್ನಲ್ಲ, ದೇವ್ರು ಅಂತ ಎಂಗಂತೀರ?"

ಸಾರಾಯಿ ಬೇಕು ಎಂದು ಅಬ್ಬರಿಸಿದ ಮುನೇಶ್ವರನೊಬ್ಬನಿಗೆ, "ನಿಮ್ಮ ದೇವ್ರು ನಿನ್ನಂಗೇ ವಾಸನೆ ಒಡೀತಾನಲ್ಲಪ್ಪ" ಎಂದು ಎದ್ದುಬಿಟ್ಟಿದ್ದಳು. ಆದರೆ ಪಕ್ಕದ ಲೈನಿನ ಎಳೆಯ ಸೊಸೆಯೊಬ್ಬಳ ಮೈಮೇಲೆ ಗಂಗಮ್ಮ ಬಂದಾಗ ಅವಳು ನಡೆದುಕೊಂಡ ರೀತಿ ಬೇರೆ. ಆ ಹುಡುಗಿ ಹೆಸರು ಹೇಳಿದಳು, ಯಾಕೆ ಬಂದೆ ಅಂದರೆ ಅತ್ತಳು, ಯಾವಾಗ ಹೋಗುತ್ತೀಯ ಅಂದರೆ ಮತ್ತೂ ಅತ್ತಳು. ಅವ್ವ ಅವಳ ಅಂಗೈಯನ್ನು ಸ್ವಲ್ಪ ಹೊತ್ತು ನೋಡಿದಳು. ಬಾವಿ ಹಗ್ಗದಿಂದ ಸುಲಿದಿದ್ದ ಅಂಗೈ. ಅತ್ತೆಯ ಕಡೆ ತಿರುಗಿ ಹೇಳಿದಳು:

"ಗಂಗಮ್ಮ ತವರಿಗೆ ಓಗಬೇಕಂತೆ. ಹಬ್ಬ ಮುಗಿಯೋವರ್ಗೂ ಅಲ್ಲೇ ಇರ್ತಾಳಂತೆ. ಕಳ್ಸದೆ ಇದ್ರೆ ನಿಮ್ಮನೇಲೇ ಕೂತ್ಬಿಡ್ತಾಳಂತೆ, ನೋಡ್ಕೊ."

ಅತ್ತೆ ಆ ಸಂಜೆಯೇ ಬಸ್ಸು ಹತ್ತಿಸಿದಳು. ಅದು ದೇವರೇ ಆಗಿತ್ತಾ ಅವ್ವ, ಎಂದು ಆಮೇಲೆ ನಾನು ಕೇಳಿದರೆ, "ಯಾರೋ ಒಬ್ರು ಆಗಿದ್ರು ಬಿಡು" ಎಂದಳು. ಈ ಉತ್ತರದ ಬಗ್ಗೆ ನನಗೆ ಆಗ ಸಿಟ್ಟು ಬಂದಿತ್ತು. ಹೌದು ಅನ್ನಬೇಕು, ಇಲ್ಲವೇ ಅಲ್ಲ ಅನ್ನಬೇಕು, ನಡುವೆ ಜಾರಿಕೊಳ್ಳುವುದು ವಾದದಲ್ಲಿ ಸಲ್ಲದು ಎನ್ನುವ ವಯಸ್ಸು.

ಮನೆ ಎಂದರೆ ತಗಡಿನ ಸೂರಿನ ಎರಡು ಕೋಣೆ, ಮುಂದೆ ಜಗಲಿ, ಹಿಂದೆ ಒಂದು ನುಗ್ಗೆಮರ. ಬೇಸಿಗೆಯಲ್ಲಿ ಗಾಳಿ ಎದ್ದರೆ ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬದ ಬೂದುಬಣ್ಣದ ಪುಡಿ ಒಗೆದ ಬಟ್ಟೆಯ ಮೇಲೆ ಕೂರುತ್ತಿತ್ತು. ಅಡುಗೆಮನೆಯ ಪಾತ್ರೆಯ ಹಲಗೆಗಳಿಗೆ ಮುಂದೆ ಅಡ್ಡಪಟ್ಟಿ ಹೊಡೆದಿತ್ತು, ಏಕೆಂದರೆ ನಮ್ಮಲ್ಲಿ ನೆಲ ಅಲ್ಲಾಡುತ್ತದೆ. ಗಣಿ ನಡೆಯುತ್ತಿದ್ದಾಗ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಡುಕ. ಗಣಿ ಮುಚ್ಚಿ, ಒಳಗೆಲ್ಲ ನೀರು ತುಂಬಿಕೊಂಡ ಮೇಲೂ ಅದು ನಿಂತಿಲ್ಲ. ಏರ್‌ಬ್ಲಾಸ್ಟ್ ಎನ್ನುತ್ತಾರೆ. ತಗಡು ಗಡಗಡ ಅನ್ನುತ್ತದೆ, ಲೋಟ ಪಟ್ಟಿಗೆ ಬಂದು ತಾಗುತ್ತದೆ, ಮುಗಿಯುತ್ತದೆ. ಊಟದ ನಡುವೆ ಆದರೆ ಸಾರಿನ ತಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಮುದ್ದೆ ಮುರಿಯುವುದನ್ನು ಮುಂದುವರಿಸುತ್ತಿದ್ದೆವು. ಊಟದ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಮೌನ ಎಂಬುದಿರಲಿಲ್ಲ. ಅಪ್ಪ ಕಾರ್ಖಾನೆಯ ಯೂನಿಯನ್ನಿನ ವಿಷಯ ತೆಗೆದರೆ ಅಮ್ಮ ಅದಕ್ಕೆ ಅಡ್ಡ ಮಾತಾಡುವಳು, ಅವ್ವ ಇಬ್ಬರಿಗೂ ಅಡ್ಡ ಮಾತಾಡುವಳು. ಹೈಸ್ಕೂಲಿನಲ್ಲಿ ನಾನು ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಾಗ ಮೇಷ್ಟ್ರು, ಎಲ್ಲಿ ಅಭ್ಯಾಸ ಮಾಡಿದೆ ಎಂದು ಕೇಳಿದ್ದರು. ಊಟ ಮಾಡ್ತಾ ಸಾರ್, ಎಂದಿದ್ದೆ.

ಈ ಗದ್ದಲದಲ್ಲಿ ಸುಮ್ಮನಿರುತ್ತಿದ್ದವನು ಚಿಕ್ಕಪ್ಪ ನಾರಾಯಣಸ್ವಾಮಿ. ಅಪ್ಪನ ತಮ್ಮ, ಮದುವೆಯಾಗದವನು, ಪಕ್ಕದ ಉರಿಗಾಂನಲ್ಲಿ ಒಂದು ಹೊಲಿಗೆ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ. ನನ್ನ ಲಂಗಗಳ ಅಂಚನ್ನು ಪ್ರತಿ ವರ್ಷ ಬಿಚ್ಚಿ ಉದ್ದ ಮಾಡುತ್ತಿದ್ದವನು ಅವನೇ. ನಾನು ಪಿಯುಸಿ ಓದಲು ರೈಲಿನಲ್ಲಿ ಬಂಗಾರಪೇಟೆಗೆ ಓಡಾಡತೊಡಗಿದ ವರ್ಷ ಅವನು ನಿದ್ದೆ ಬಿಟ್ಟ. ಆಮೇಲೆ ಒಂದು ಬೆಳಿಗ್ಗೆ ಅಪ್ಪ ಕಾರ್ಖಾನೆಗೆ ಹೊರಟವನು ಅಂಗಿಯ ಜೇಬಿಗೆ ಗುರುತಿನ ಚೀಟಿ ಹಾಕಹೋದರೆ ಕೈ ಇಳಿಯಲಿಲ್ಲ. ಜೇಬಿನ ಬಾಯಿ ಹೊಲಿದಿತ್ತು. ಮನೆಯಲ್ಲಿದ್ದ ಎಲ್ಲ ಬಟ್ಟೆಯ ಎಲ್ಲ ಜೇಬನ್ನೂ ಚಿಕ್ಕಪ್ಪ ಹೊಲಿದಿದ್ದ, ಸಣ್ಣ ಸಣ್ಣ ಹೊಲಿಗೆಯಲ್ಲಿ, ಬಹಳ ಅಚ್ಚುಕಟ್ಟಾಗಿ. ಕೇಳಿದರೆ, ಅವರು ಅದರೊಳಗೆ ಕೂತು ಮಾತಾಡುತ್ತಾರೆ ಎಂದ.

"ಯಾರು?" ಎಂದ ಅಪ್ಪ.

"ಕೆಳಗಿರೋರು."

ನಮ್ಮ ಊರಿನಲ್ಲಿ ಕೆಳಗೆ ಎಂದರೆ ಒಂದೇ ಅರ್ಥ. ಅಮ್ಮ ಆ ದಿನವೇ, ಇದು ಆಸ್ಪತ್ರೆಗೆ ತೋರಿಸೋ ವಿಷಯ, ಎಂದಳು. ಬಹುಶಃ ಆ ವಾರದಲ್ಲೇ ಹೋಗಿಬಿಡುತ್ತಿದ್ದರು ಕೂಡ. ಆದರೆ ಚಿಕ್ಕಪ್ಪ ಜಗಲಿಯಲ್ಲಿ ಕೂತು, ದಾರಿಯಲ್ಲಿ ಹೋಗುವವರಿಗೆಲ್ಲ, ಶುಕ್ರವಾರದೊಳಗೆ ನೆಲ ಮಾತಾಡ್ತದೆ, ಕೆಳಗಿರೋರು ಹೇಳವ್ರೆ, ಎಂದು ಸಾರಿದ. ಗುರುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ತಗಡು ಗಡಗಡ ಅಂದಿತು. ಲೋಟಗಳು ಪಟ್ಟಿಗೆ ಬಂದು ತಾಗಿದವು. ಅಷ್ಟೇ ಆದದ್ದು. ಆದರೆ ಈ ಸಲ ಯಾರೂ ತಮ್ಮ ಕೆಲಸಕ್ಕೆ ವಾಪಸ್ಸಾಗಲಿಲ್ಲ. ಲೈನಿನ ಜನ ಒಬ್ಬೊಬ್ಬರೇ ನಮ್ಮ ಜಗಲಿಯ ಮುಂದೆ ಬಂದು ನಿಂತರು.

ಇಲ್ಲಿ ನನ್ನ ವಾದ ಶುರುವಾಗುತ್ತದೆ. ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಮಳೆಗಾಲದಲ್ಲಿ ಮಳೆ ಬರುತ್ತದೆ ಎಂದವನು ಪ್ರವಾದಿಯಲ್ಲ. ಚಾಂಪಿಯನ್ ರೀಫ್ಸ್‌ನಲ್ಲಿ ಕೂತು ನೆಲ ಅಲ್ಲಾಡುತ್ತದೆ ಎಂದರೆ ಅದೂ ಹಾಗೇ. ಅದು ಅಲ್ಲಾಡದೆ ಹೋದ ವಾರಗಳಲ್ಲಿ ಯಾರೂ ಏನನ್ನೂ ಹೇಳಿರಲಿಲ್ಲವಾದ್ದರಿಂದ ಯಾರ ಮಾತೂ ಸುಳ್ಳಾಗಿರಲಿಲ್ಲ. ಹುಟ್ಟಿದಾಗಿನಿಂದ ಏರ್‌ಬ್ಲಾಸ್ಟ್ ಕಂಡ ಜನ, ತಟ್ಟೆ ಹಿಡಿದುಕೊಂಡು ಉಣ್ಣಲು ಕಲಿತ ಜನ, ಒಬ್ಬ ದರ್ಜಿ ವಾರ ಹೇಳಿದ ಎಂಬ ಒಂದೇ ಕಾರಣಕ್ಕೆ ಅದನ್ನು ಪವಾಡವೆಂದುಕೊಂಡರು. ಬೇರೆ ಊರಿನವರು ಈ ತಪ್ಪು ಮಾಡುವುದು ಸಾಧ್ಯವೇ ಇಲ್ಲ. ನಡುಕವೇ ಕಾಣದವರು ನಡುಕಕ್ಕೆ ಹೆದರುತ್ತಿದ್ದರು, ಅಷ್ಟೆ. ನಮ್ಮವರು ಮಾತ್ರ, ಆಗಾಗ ತಾನಾಗಿ ಆಗುವುದನ್ನು ಯಾರಾದರೂ ಒಬ್ಬರು ನಮಗಾಗಿ ಹೇಳಿ ಮಾಡಿಸುತ್ತಿದ್ದಾರೆ ಎಂದು ಕೇಳಲು ತಲೆಮಾರುಗಳಿಂದ ಕಾದಿದ್ದರು.

ಜನ ನಿಂಬೆಹಣ್ಣು ತಂದರು, ಕೇಳಿದರು. ಮಗನಿಗೆ ಕೆಲಸ ಸಿಗುತ್ತದಾ, ಮಗಳಿಗೆ ಗಂಡು ಬರುತ್ತದಾ. ಆದರೆ ಎಲ್ಲರೂ ಕೊನೆಗೆ ಬಂದು ಮುಟ್ಟುತ್ತಿದ್ದ ಪ್ರಶ್ನೆ ಒಂದೇ: ಗಣಿ ಮತ್ತೆ ತೆರೆಯುತ್ತದಾ? ಚಿಕ್ಕಪ್ಪ ಕಣ್ಣು ಮುಚ್ಚಿ, ತೆರೀತದೆ, ಎಂದ. ಗಣಿಯಲ್ಲಿ ವಯಸ್ಸು ಕಳೆದ ಮುದುಕರು ಜಗಲಿಯ ಮೆಟ್ಟಿಲ ಮೇಲೆ ಕೂತು ಅತ್ತರು. ಪಕ್ಕದ ಮನೆಯ ಅಂತೋಣಿಯಮ್ಮ, ಅವಳ ಗಂಡ ಗಣಿಯೊಳಗೇ ಬಂಡೆ ಬಿದ್ದು ಹೋದವನು, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು:

"ತಂಬಿ, ನಮ್ಮವರು ಇದ್ದಾರಾ ಅಲ್ಲಿ?"

"ಅವ್ರೆ. ಟೀ ಕೇಳ್ತಾವ್ರೆ."

ಆವತ್ತಿನಿಂದ ಅಂತೋಣಿಯಮ್ಮ ದಿನವೂ ಬೆಳಿಗ್ಗೆ ಸ್ಟೀಲ್ ಲೋಟದಲ್ಲಿ ಏಲಕ್ಕಿ ಹಾಕಿದ ಟೀ ತಂದು ಚಿಕ್ಕಪ್ಪನ ಮುಂದೆ ಇಡುತ್ತಿದ್ದಳು. ಅವನು ಕುಡಿಯುತ್ತಿರಲಿಲ್ಲ, ನೆಲದ ಬಿರುಕಿಗೆ ಹುಯ್ಯುತ್ತಿದ್ದ. ಊಟವೂ ಬಿಟ್ಟ. ಕುತ್ತಿಗೆಯ ನರಗಳು ಹೊರಗೆ ಕಾಣತೊಡಗಿದವು. ಹೊಲಿಗೆ ಅಂಗಡಿಯವನು ಬೇರೆಯವನನ್ನು ಇಟ್ಟುಕೊಂಡ. ಒಂದು ದಿನ ಅಪ್ಪ ಸೈಕಲ್ಲಿನಲ್ಲಿ ಬರುವಾಗ ಹಳೆಯ ಗಣಿಬಾವಿಯ ತಂತಿಬೇಲಿಯ ಹತ್ತಿರ ಚಿಕ್ಕಪ್ಪ ನಿಂತಿದ್ದನ್ನು ಕಂಡ. ಚಪ್ಪಲಿಯನ್ನು ದೇವಸ್ಥಾನದ ಮುಂದೆ ಬಿಡುವ ಹಾಗೆ ಜೋಡಿಸಿ ಈಚೆ ಬಿಟ್ಟು, ಒಂದು ಕಾಲನ್ನು ತಂತಿಯ ಮೇಲೆ ಇಟ್ಟಿದ್ದ. ಅಪ್ಪ ತೋಳು ಹಿಡಿದು ಕರೆತಂದ. "ಕರೀತಾವ್ರೆ ಕಣಣ್ಣ" ಎಂದಷ್ಟೇ ಹೇಳಿದನಂತೆ.

ಆಸ್ಪತ್ರೆಯ ಮಾತನ್ನು ಅಮ್ಮ ಮತ್ತೆ ಅಪ್ಪನಿಗೆ ಹೇಳಿದಳು, ಅಪ್ಪ ಅವ್ವನ ಕಡೆ ನೋಡಿದ. ಇಡೀ ಲೈನು ಅವ್ವನ ಕಡೆಯೇ ನೋಡುತ್ತಿತ್ತು. ಜನರ ನಂಬಿಕೆಗೆ ಅರ್ಧ ಕಾರಣ ಅವಳೇ. ಊರಿನ ಎಲ್ಲ ದೇವರನ್ನೂ ಜಾಲಿಸಿದ ಮುನಿವೆಂಕಟಮ್ಮ ತನ್ನ ಜಗಲಿಯ ದೇವರನ್ನು ಪ್ರಶ್ನಿಸಿಲ್ಲ ಎಂದರೆ ಅದು ನಿಜವೇ ಇರಬೇಕು. ಅವಳು ಮಾತ್ರ ಜಗಲಿಗೆ ಹೋಗುವುದನ್ನೇ ಬಿಟ್ಟು ಒಲೆಯ ಮುಂದೆ ಕೂರುತ್ತಿದ್ದಳು. ನಾನು ಅಲ್ಲಿಗೇ ಹೋದೆ. ಅವಳು ಮುದ್ದೆ ಗೊಟಾಯಿಸುತ್ತಿದ್ದಳು.

"ಅವ್ವ, ನೀನು ಯಾಕೆ ಚಿಕ್ಕಪ್ಪನ್ನ ಕೇಳ್ತಿಲ್ಲ?"

"ನಿಂಗೆ ಓದಾಕಿಲ್ವ?"

"ಸಾರಾಯಿ ದೇವರನ್ನ ಕೇಳಿದೆ. ಗಂಗಮ್ಮನ್ನ ಕೇಳಿದೆ. ನಮ್ಮನೆಗೆ ಬಂದೋರಿಗೆ ಮಾತ್ರ ವಿನಾಯಿತಿನಾ?"

"ಬಾಯಿ ಮುಚ್ಕೊಂಡು ಆ ಸಾರಿಗೆ ಉಪ್ಪು ಆಕು."

"ನೆಲ ಅಲ್ಲಾಡ್ತದೆ ಅಂತ ನಾನೂ ಹೇಳ್ತೀನಿ. ಮುಂದಿನ ಶುಕ್ರವಾರದೊಳಗೆ. ಹಾಗಂದ್ರೆ ನಾಳೆಯಿಂದ ನನಗೂ ಟೀ ತಂದುಕೊಡ್ತಾರಾ?"

ಅವಳು ಕೋಲನ್ನು ಪಾತ್ರೆಯಲ್ಲೇ ಬಿಟ್ಟು ನನ್ನ ಕಡೆ ತಿರುಗಿದಳು. ಹೊಗೆಗೋ ಯಾತಕ್ಕೋ ಕಣ್ಣು ಕೆಂಪಾಗಿತ್ತು.

"ಕೇಳ್ತೀನಿ ಕಣಮ್ಮಿ. ಕೇಳಿ, ಅದು ದೇವ್ರಲ್ಲ ಅಂತ ಆಯ್ತು ಅಂತಿಟ್ಕೊ. ಆಮೇಲೆ? ನನ್ ಮಗನ್ಗೆ ಉಚ್ಚು ಅಂತ ಆಯ್ತದಲ್ಲ. ಮುನಿವೆಂಕಟಮ್ಮನೇ ಒಪ್ಕೊಂಡ್ಲು ಅಂತಾರಲ್ಲ. ಈಗ ದೇವ್ರು ಅಂತಾದ್ರೂ ಅವನ್ನ ಕೈ ಮುಗೀತಾವ್ರೆ."

ಚರ್ಚೆಯಲ್ಲಿ ಎದುರಾಳಿ ತನ್ನ ನಿಜವಾದ ಭಯವನ್ನು ಬಾಯಿಬಿಟ್ಟು ಹೇಳುವುದು ತೀರಾ ಕಡಿಮೆ. ಹೇಳಿದಾಗ ನಾವು ಗೆದ್ದೆವೆಂದು ಹಿಗ್ಗಬಾರದು, ಆ ಭಯಕ್ಕೆ ಉತ್ತರ ಕೊಡಬೇಕು. ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಆ ಒಲೆಯ ಮುಂದೆ ಹೇಗೋ ಹೊಳೆಯಿತು.

"ಕಾಯಿಲೆ ಅಂತ ಆಗ್ತದೆ ಅವ್ವ. ಕಾಯಿಲೆಗೆ ಮಾತ್ರೆ ಇದೆ. ದೇವರಿಗೆ ಮಾತ್ರೆ ಇಲ್ಲ."

ಅವಳು ಮತ್ತೆ ಪಾತ್ರೆಯ ಕಡೆ ತಿರುಗಿದಳು. ಮುದ್ದೆ ತಳ ಹಿಡಿದಿತ್ತು. ಅದನ್ನು ಆವತ್ತು ಎಲ್ಲರೂ ಸುಮ್ಮನೆ ಉಂಡೆವು.

ಮಂಗಳವಾರ ಬೆಳಿಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು, ಮೊರಕ್ಕೆ ಅಕ್ಕಿ, ಎಲೆ, ಅರಿಶಿನ ಹಾಕಿಕೊಂಡು ಜಗಲಿಗೆ ಬಂದಳು. ಜನ ಜರುಗಿ ದಾರಿ ಬಿಟ್ಟರು. ಅಂತೋಣಿಯಮ್ಮ ಟೀ ಲೋಟ ಹಿಡಿದು ಕಂಬದ ಹತ್ತಿರ ನಿಂತಿದ್ದಳು. ನಾನು ಮತ್ತು ಅಮ್ಮ ಬಾಗಿಲಲ್ಲಿ. ಅವ್ವ ಮಗನ ಮುಂದೆ ಕುಕ್ಕರಗಾಲಲ್ಲಿ ಕೂತು, ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದಳು.

"ಯಾರು ನೀನು?"

"ಕೆಳಗಿರೋರು."

"ಎಸ್ರು?"

"ಎಲ್ಲಾರೂವೆ."

"ಎಲ್ಲಾರೂ ಅಂದ್ರೆ ಯಾರೂ ಅಲ್ಲ. ಒಂದೆಸ್ರು ಏಳು."

ಚಿಕ್ಕಪ್ಪನ ತುಟಿ ಅಲ್ಲಾಡಿತು, ಹೆಸರು ಬರಲಿಲ್ಲ. ಅವ್ವ ಕಾದಳು. ಅವಳು ಯಾವ ದೇವರಿಗೂ ಅಷ್ಟು ಹೊತ್ತು ಕಾದದ್ದನ್ನು ನಾನು ನೋಡಿಲ್ಲ.

"ಯಾಕೆ ಬಂದ್ರಿ?"

"ಇವನ್ನ ಕರ್ಕೊಂಡೋಗಾಕೆ."

"ಎಲ್ಲಿಗೆ?"

"ಕೆಳಕ್ಕೆ."

 ಅವ್ವ ಮೊರವನ್ನು ಮಗನ ಮುಂದಕ್ಕೆ ಸರಿಸಿದಳು.

"ನೀವು ಯಾವಾಗ ಓಗ್ತೀರಿ?"

"ಓಗಲ್ಲ."

"ಮಡ್ಲಕ್ಕಿ ಕೊಡ್ತೀನಿ. ಅರಿಶ್ನ ಕೊಡ್ತೀನಿ. ಓಗ್ತೀರಾ?"

"ಓಗಲ್ಲ," ಎಂದವನು ಇದ್ದಕ್ಕಿದ್ದಂತೆ ಕಣ್ಣು ತೆರೆದು, ತೀರಾ ಸಣ್ಣ ದನಿಯಲ್ಲಿ, ತನ್ನದೇ ದನಿಯಲ್ಲಿ ಹೇಳಿದ: "ಓಗಲ್ಲ ಅಂತಾರಮ್ಮ. ಓಗ್ರಿ ಅಂತ ಏಳಿ ಏಳಿ ನಂಗೂ ಸಾಕಾಯ್ತು."

ಅವ್ವ ಎದ್ದಳು. ಮೊರವನ್ನು ಅಮ್ಮನ ಕೈಗೆ ಕೊಟ್ಟಳು. ಜನರ ಕಡೆ ತಿರುಗಿದಾಗ ಅವಳ ಮುಖದಲ್ಲಿ ಅಳು ಇರಲಿಲ್ಲ, ಜಗಳಕ್ಕೆ ನಿಂತವಳ ಹಾಗಿದ್ದಳು.

"ಇದು ದೇವ್ರಲ್ಲ. ನನ್ ಮಗನ್ಗೆ ಕಾಯ್ಲೆ. ಉಷಾರಾಗೋವರ್ಗೂ ಯಾರೂ ಏನೂ ಕೇಳಾಕ್ ಬರಬ್ಯಾಡಿ. ಗಣಿ ತೆರೆಯೋ ಇಸ್ಯ ಸರ್ಕಾರನ್ನ ಓಗಿ ಕೇಳಿ."

ಒಬ್ಬಿಬ್ಬರು ಗೊಣಗಿದರು. ಮುದುಕರಲ್ಲಿ ಒಬ್ಬರು, ಅಂಗಂದ್ರೆ ಎಂಗೆ ಅಕ್ಕಾ, ಎನ್ನುತ್ತ ಅಲ್ಲೇ ನಿಂತರು. ನಿಧಾನವಾಗಿ ಜಗಲಿ ಖಾಲಿಯಾಯಿತು. ಅಂತೋಣಿಯಮ್ಮ ಮಾತ್ರ ಹೋಗಲಿಲ್ಲ. ಲೋಟದ ಟೀ ಕೆನೆಗಟ್ಟಿತ್ತು.

"ಅಕ್ಕಾ, ಹಾಗಾದ್ರೆ ನಾಳೆಯಿಂದ ಟೀ ಬೇಡ್ವಾ?"

ಅವ್ವ ಅವಳನ್ನು ನೋಡಿದಳು. "ತಗೊಂಡ್ ಬಾ. ನನ್ ಮಗ ಕುಡೀತಾನೆ."

ಮರುದಿನ ಬಂದ ಟೀಯನ್ನು ಅವನು ಕುಡಿಯಲಿಲ್ಲ, ಏಕೆಂದರೆ ಆ ಹೊತ್ತಿಗೆ ಅವನು ಅಮ್ಮ ಅಪ್ಪನ ಜೊತೆ ಕೋಲಾರದ ಆಸ್ಪತ್ರೆಯಲ್ಲಿದ್ದ. ಅಲ್ಲಿಯ ಡಾಕ್ಟರಮ್ಮ ಕೇಳಿದ ಪ್ರಶ್ನೆಗಳನ್ನು ಅಮ್ಮ ಬಂದು ಹೇಳಿದಳು. ಬೇರೆಯವರಿಗೆ ಕೇಳಿಸದ ಮಾತು ಕೇಳಿಸುತ್ತದಾ, ಎಷ್ಟು ದಿನದಿಂದ, ಅದು ನಿಮಗೆ ಏನು ಮಾಡು ಅನ್ನುತ್ತದೆ, ತಾನಾಗಿ ನಿಲ್ಲುತ್ತದಾ. ಅವ್ವ ಗಂಭೀರವಾಗಿ ಕೇಳಿಸಿಕೊಂಡು, "ಒಳ್ಳೇ ಡಾಕ್ಟ್ರು. ಕೇಳಾಕೆ ಬತ್ತದೆ" ಎಂದು ಸರ್ಟಿಫಿಕೇಟು ಕೊಟ್ಟಳು. ಮಾತ್ರೆಯಿಂದ ರಕ್ತ ನೀರಾಗುತ್ತದೆಂದು ನಂಬಿ ಅದರ ಜೊತೆಗೆ ಮೊಟ್ಟೆ ತಿನ್ನಿಸತೊಡಗಿದಳು. ಚಿಕ್ಕಪ್ಪ ಮೊದಲು ನಿದ್ದೆ ಮಾಡಿದ, ಆಮೇಲೆ ದಪ್ಪಗಾದ, ಆಮೇಲೆ ಮಾತಾಡಿದ. ಅದೇ ಎಲ್ಲರಿಗೂ ಆಶ್ಚರ್ಯ. ಮೊದಲು ಊಟದ ಹೊತ್ತಿನಲ್ಲಿ ಬಾಯಿ ತೆರೆಯದವನು ಈಗ ಅಪ್ಪನ ಯೂನಿಯನ್ನಿಗೂ ಅಡ್ಡ ಮಾತಾಡತೊಡಗಿದ. ಹೊಲಿದಿದ್ದ ಜೇಬುಗಳನ್ನೆಲ್ಲ ಅವನೇ ಬಿಚ್ಚಿಕೊಟ್ಟ. ಅಂಗಡಿಯವನು ಒಂದು ಮೆಷಿನ್ನನ್ನು ಅವನಿಗೆ ವಾಪಸ್ಸು ಕೊಟ್ಟ. ಬೆಳಗಿನ ಏಲಕ್ಕಿ ಟೀ ನಿಂತಿರಲಿಲ್ಲ. ಅದನ್ನು ಕುಡಿಯುತ್ತ ಅವನು ಅಂತೋಣಿಯಮ್ಮನ ಹತ್ತಿರ ಅವಳ ಗಂಡನ ವಿಷಯ ಕೇಳುತ್ತಿದ್ದ. ಈಗ ಹೇಳುವವಳು ಅವಳು.

ಡಿಗ್ರಿಗೆ ಬಂದಾಗ ಬಂಗಾರಪೇಟೆಯ ನಮ್ಮ ಕಾಲೇಜಿನ ಅಂತರಕಾಲೇಜು ಚರ್ಚಾಸ್ಪರ್ಧೆಗೆ ಒಂದು ವಿಷಯ ಕೊಟ್ಟರು: ಪ್ರಾಚೀನ ದೈವವಾಣಿ ಮನೋರೋಗದ ಫಲ. ಚೀಟಿ ಎತ್ತಿದಾಗ ನನಗೆ ಪರ ಬಂತು, ನನಗೆ ಬೇಕಾದದ್ದೇ. ಮನೆಯಲ್ಲಿ ಊಟಕ್ಕೆ ಕೂತಾಗ ಅಭ್ಯಾಸ ಶುರು ಮಾಡಿದೆ. ಮರಳುಗಾಡಿನಲ್ಲಿ ಒಬ್ಬ ಬಿಸಿಲಲ್ಲಿ ಕೂತು ಬೆಂಕಿಯ ಚಕ್ರಗಳನ್ನು ಕಾಣುತ್ತಾನೆ. ಕಾಡಿನಲ್ಲಿ ಇನ್ನೊಬ್ಬ ಊಟ ಬಿಟ್ಟು, ನಿದ್ದೆ ಬಿಟ್ಟು, ಯಾರೂ ಆಡದ ಮಾತನ್ನು ಕೇಳುತ್ತಾನೆ. ನಾನು ಆರಿಸಲ್ಪಟ್ಟವನು ಎನ್ನುತ್ತಾನೆ, ಬಟ್ಟೆ ಹರಿದುಕೊಳ್ಳುತ್ತಾನೆ, ಊರು ನಾಶವಾಗುತ್ತದೆ ಎಂದು ಕೂಗುತ್ತಾನೆ. ಇದೇ ಮನುಷ್ಯ ಇವತ್ತು ಆಸ್ಪತ್ರೆಗೆ ಬಂದರೆ ಡಾಕ್ಟರು ಚೀಟಿ ಬರೆದುಕೊಡುತ್ತಾರೆ. ಸಾವಿರಾರು ವರ್ಷ ಮೊದಲು ಹುಟ್ಟಿದ ಒಂದೇ ಕಾರಣಕ್ಕೆ ಅವನ ಮಾತು ಗ್ರಂಥವಾಯಿತು. ಅಮ್ಮ ಚಿಕ್ಕಪ್ಪನ ಕಡೆ ಕಣ್ಣು ತೋರಿಸಿ, ಸಾಕು ನಿಲ್ಲಿಸು ಎಂದು ಸನ್ನೆ ಮಾಡಿದಳು.

"ಏಳ್ಲಿ ಬಿಡತ್ತಿಗೆ," ಎಂದ ಚಿಕ್ಕಪ್ಪ, ಹುರುಳಿ ಸಾರನ್ನು ಹುಯ್ದುಕೊಳ್ಳುತ್ತ. "ಚೆನ್ನಾಗೇ ಏಳ್ತಾವ್ಳೆ."

ನಾನು ಅವ್ವನನ್ನು ಸಾಕ್ಷಿಗೆ ಎಳೆದೆ. "ನೀನೇ ಹೇಳವ್ವ. ಚಿಕ್ಕಪ್ಪಂದು ದೇವರಲ್ಲ ಅಂದೆ. ಅವರದ್ದು ಮಾತ್ರ ಹೌದಾ?"

"ನಂಗೇನ್ ಗೊತ್ತು?"

"ಅದೇ ಲಕ್ಷಣ ತಾನೇ?"

"ಲಕ್ಷಣ ನೋಡಿ ಏಳಾಕಿದ್ರೆ ನಾನ್ಯಾಕೆ ಕುಕ್ಕರಗಾಲಲ್ಲಿ ಕೂತು ಮಂಡಿ ನೋಯಿಸ್ಕೊತಿದ್ದೆ? ಅವರನ್ನ ನಾನು ಕೇಳಿಲ್ವಲ್ಲಮ್ಮಿ. ಸತ್ತೋದೋರ್ನ ನೀನೆಂಗೆ ಕೇಳ್ತೀಯ?"

ಇದು ಜಾರಿಕೊಳ್ಳುವ ಉತ್ತರ ಎಂದು ನಾನು ಕೂಗಾಡಿದೆ. ಚಿಕ್ಕಪ್ಪ ಕೈ ತೊಳೆಯಲು ಏಳುತ್ತ, ಆ ಚರ್ಚೆಗೆ ಹೊರಗಿನವರು ಬರಬಹುದಾ, ಯಾವ ರೈಲಿಗೆ ಹೋಗಬೇಕು, ಎಂದು ಕೇಳಿದ.

ಅವನು ಬಂದ. ತಾನೇ ಹೊಲಿದುಕೊಂಡ ಬಿಳಿ ಅಂಗಿ ಹಾಕಿಕೊಂಡು ಕೊನೆಯ ಸಾಲಿನಲ್ಲಿ, ಹುಡುಗರ ನಡುವೆ ಕೂತಿದ್ದ. ನಾನು ಚೆನ್ನಾಗಿ ಮಾತಾಡಿದೆ, ಇದರಲ್ಲಿ ಸಂಕೋಚವಿಲ್ಲ. ಚಪ್ಪಾಳೆ ಬಿತ್ತು. ವಿರೋಧದವನು ಭಕ್ತಿಯಿಂದ ಕೈಮುಗಿದು ಶುರು ಮಾಡಿದ, ಅಲ್ಲಿಗೇ ಸೋತ. ಆಮೇಲೆ ಸಭಿಕರಿಂದ ಪ್ರಶ್ನೆ ಎಂದರು. ಹಿಂದಿನ ಸಾಲಿನಲ್ಲಿ ಚಿಕ್ಕಪ್ಪ ಎದ್ದು ನಿಂತ.  ಅವನ ಕಾಯಿಲೆ ಲೈನಿಗೆ ಗೊತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ. ಅವನು ನನ್ನನ್ನು ಬಹುವಚನದಲ್ಲಿ ಕರೆದ. ಅದಕ್ಕೆ ಮೊದಲು ಯಾವತ್ತೂ ಹಾಗೆ ಕರೆದಿರಲಿಲ್ಲ.

"ನನ್ನ ಹೆಸರು ನಾರಾಯಣಸ್ವಾಮಿ. ದರ್ಜಿ ಕೆಲಸ. ನೀವು ಹೇಳಿದ್ರಲ್ಲ, ಮಾತು ಕೇಳಿಸೋದು, ಅದು ನನಗೂ ಇತ್ತು. ಈಗಲೂ ಮಾತ್ರೆ ತಗೋತೀನಿ. ಕಾಯಿಲೆ ಅನ್ನೋದು ಸರಿ, ಅದರಲ್ಲಿ ನಂಗೆ ತಕರಾರಿಲ್ಲ. ಆದ್ರೆ ನಾನು ಆಗ ಹೇಳಿದ್ದೆಲ್ಲ ನೆನಪೈತೆ. ಒಂದೂ ಇಟ್ಕೊಳೋ ಅಂಥ ಮಾತಲ್ಲ. ನಮ್ಮಮ್ಮ ಜಗಲೀಲೇ ತಡೆದ್ಲು. ನೀವು ಹೇಳಿದ ಆ ಕಾಲದವರ ಮಾತನ್ನ ಯಾಕೆ ಯಾರೂ ತಡೀಲಿಲ್ಲ? ಕಾಯಿಲೆ ಒಂದೇ ಆದ್ರೆ, ನಂದೂ ಪುಸ್ತಕ ಆಗಬೇಕಿತ್ತಲ್ಲ?"

ಸಭೆಯಲ್ಲಿ ಯಾರೂ ನಗಲಿಲ್ಲ. ತೀರ್ಪುಗಾರರಲ್ಲಿ ಒಬ್ಬರು ಕನ್ನಡಕ ತೆಗೆದು ಅವನನ್ನು ನೋಡುತ್ತಿದ್ದರು. ಈಗ ಯಾರಾದರೂ ನನ್ನನ್ನು ಆ ಪ್ರಶ್ನೆ ಕೇಳಿದರೆ ಒಂದಿಷ್ಟು ಹೇಳಬಲ್ಲೆ. ಎಷ್ಟೋ ಜನರಿಗೆ ಮಾತು ಕೇಳಿಸಿರಬೇಕು, ಅವರಲ್ಲಿ ಕೆಲವರು ಕಾಯಿಲೆಯವರೂ ಇರಬಹುದು. ಬಹುಪಾಲು ಮಾತನ್ನು ಯಾವುದೋ ಜಗಲಿಯಲ್ಲಿ ಯಾವುದೋ ಅವ್ವ ತಡೆದಿರಬೇಕು. ಉಳಿದದ್ದನ್ನು ಜನ ಹಾಡಿದರು, ತಿದ್ದಿದರು, ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಕಾಯಿಲೆ ಒಬ್ಬನದಾಗಿರಬಹುದು, ಗ್ರಂಥ ಮಾತ್ರ ಒಬ್ಬನದಲ್ಲ. ಒಬ್ಬನ ತಲೆಯೊಳಗೆ ಇಣುಕಿ ಅದನ್ನು ಬಿಡಿಸಿ ಹೇಳಲಾಗದು. ಹಾಗೆಂದು ಉಳಿದದ್ದೆಲ್ಲ ಸತ್ಯವೆಂದು ನಾನು ಒಪ್ಪುವುದಿಲ್ಲ. ಗಣಿ ತೆರೀತದೆ ಎಂಬ ಮಾತು ಅವ್ವ ತಡೆದ ಮೇಲೂ ನಮ್ಮ ಲೈನಿನಲ್ಲಿ ಇವತ್ತಿಗೂ ಓಡಾಡುತ್ತಿದೆ, ಯಾರು ಹೇಳಿದರೆಂಬುದು ಮರೆತುಹೋಗಿದೆ, ಅಷ್ಟೆ. ಜನ ನಿಜವಾದದ್ದನ್ನು ಇಟ್ಟುಕೊಳ್ಳುವುದಿಲ್ಲ, ಬೇಕಾದದ್ದನ್ನು ಇಟ್ಟುಕೊಳ್ಳುತ್ತಾರೆ. ಆದರೆ ಇದೆಲ್ಲ ಆವತ್ತು ನನ್ನ ತಲೆಯಲ್ಲಿರಲಿಲ್ಲ. ಧ್ವನಿವರ್ಧಕದ ಮುಂದೆ ನಿಂತು, ಉತ್ತರ ಗೊತ್ತಿಲ್ಲದಿದ್ದರೂ ಗೊತ್ತಿರುವವರ ಹಾಗೆ ಮಾತಾಡಲು ನನಗೆ ಚೆನ್ನಾಗಿ ಬರುತ್ತಿತ್ತು. ಅವನ ಮುಂದೆ ಆಗಲಿಲ್ಲ.

"ನನ್ನ ಹತ್ತಿರ ಉತ್ತರ ಇಲ್ಲ," ಎಂದೆ. "ಹುಡುಕಿ ಹೇಳ್ತೀನಿ."

"ಆಗಲಿ. ಕಾಯ್ತೀನಿ," ಎಂದು ಅವನು ಕೂತ. ಪಕ್ಕದಲ್ಲಿದ್ದ ಹುಡುಗ ಜರುಗಿ ಅವನಿಗೆ ಇನ್ನೂ ಸ್ವಲ್ಪ ಜಾಗ ಕೊಟ್ಟ.

ಬಹುಮಾನ ನನಗೇ ಬಂತು. ಬಂಗಾರಪೇಟೆಗೆ ಹೆಸರಾದ ಖಾರದ ಬಿಳಿನೀರಿನ ಪಾನಿಪೂರಿ ತಿಂದು, ಬಾಯಿ ಉರಿಸಿಕೊಂಡು, ನಮ್ಮ ಊರಿನ ಕಡೆಯ ಮಾರಿಕುಪ್ಪಂ ರೈಲು ಹತ್ತಿದೆವು. ಬೆಂಗಳೂರಿನಲ್ಲಿ ಕೆಲಸ ಮುಗಿಸಿ ಮನೆಗೆ ಹೋಗುವವರಿಂದ ಬೋಗಿ ತುಂಬಿತ್ತು. ಎದುರಿನ ಸೀಟಿನಲ್ಲಿ ಊಟದ ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಗಸೊಬ್ಬಳು ನನ್ನ ಕೈಯಲ್ಲಿದ್ದ ಫಲಕವನ್ನು ನೋಡಿ, ಯಾತಕ್ಕೆ ಕೊಟ್ಟರು ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಮುಂದೆ ಬಗ್ಗಿದ.

"ನಮ್ಮಣ್ಣನ ಮಗಳು. ಚರ್ಚೇಲಿ ಫಸ್ಟು. ಎಲ್ಲಾರ್ನೂ ಸೋಲಿಸಿದ್ಲು, ಒಬ್ರನ್ನ ಬಿಟ್ಟು."

"ಅದ್ಯಾರಪ್ಪ ಅದು?" ಎಂದಳು ಅವಳು.

ಚಿಕ್ಕಪ್ಪ ಆತುರಪಡಲಿಲ್ಲ. ಅಂಗಿಯ ಮಡಿಕೆ ನೇರ ಮಾಡಿಕೊಂಡ. ನನ್ನ ಕಡೆ ಒಂದು ಸಲ ನೋಡಿದ, ನಾನು ಏನಾದರೂ ಎದುರು ಹೇಳುತ್ತೇನೋ ಎಂದು. ನಾನು ಕಿಟಕಿಯ ಹೊರಗೆ ನೋಡುವವಳ ಹಾಗೆ ನಟಿಸಿದೆ.

"ನಾನೇ ಕಣಮ್ಮ," ಎಂದ.